ಬಾಯ್ಲರ್ ಕೊಟ್ರಪ್ಪನವರ ಕೆಂಪು ಗುಳಿಗೆ

ನಮ್ಮ ಯಜಮಾನರಿಗೆ ಪ್ರಪಂಚದಲ್ಲಿ ಎಲ್ಲವೂ ಬಾಯ್ಲರೇ. ಕುಕ್ಕರ್ ಕೂಗಿದರೆ ನನಗೆ ಪ್ರೆಶರಿನ ಪಾಠ. ಮೊಮ್ಮಗಳು ರಚ್ಚೆ ಹಿಡಿದರೆ, "ಸ್ಟೀಮ್ ಹೋಗ್ಲಿ ಬಿಡೇ, ತಾನಾಗೇ ಇಳೀತಾಳೆ." ಪೀಣ್ಯ ಎರಡನೇ ಹಂತದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಅವರು ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಕೊಟ್ಟೂರಿನಿಂದ ಮದುವೆಯಾಗಿ ಬಂದ ನನಗೆ ಆ ಬಾಯ್ಲರ್ ಸವತಿಯಿದ್ದ ಹಾಗೆ. ಹಬ್ಬ ಹುಣ್ಣಿಮೆಗೂ ಅದರ ಮುಂದೆಯೇ ಇರಬೇಕು, ಮನೆಗೆ ಬಂದರೂ ಅದರದೇ ಮಾತು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಬಾಗಲಗುಂಟೆಯಲ್ಲಿ ಅವರು ಬಾಯ್ಲರ್ ಕೊಟ್ರಪ್ಪನೇ. ನನ್ನನ್ನು ಯಾರೂ ಬಾಯ್ಲರ್ ಚನ್ನಕ್ಕ ಎನ್ನಲಿಲ್ಲ. ನನ್ನ ಸಿಟ್ಟು ಕಂಡವರು ಹಾಗೆ ಕರೆದಿದ್ದರೂ ತಪ್ಪೇನಿರಲಿಲ್ಲ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಎದ್ದು ನಿಂತು, ರೈಲು ಇನ್ನೂ ಬಾರದಿದ್ದ ಕಾಲ ಅದು. ನಮ್ಮ ಮನೆ ಮೊದಲನೇ ಮಹಡಿಯಲ್ಲಿ. ಒಂದು ದಿನ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದವರು ನಡುವೆಯೇ ಕೂತುಬಿಟ್ಟರು. ಎದೆ ಹಿಡಿದ ಹಾಗಾಯಿತಂತೆ. ದಾಸರಹಳ್ಳಿಯಲ್ಲಿ ಹೃದಯದ ಡಾಕ್ಟರಮ್ಮ ಒಬ್ಬರಿದ್ದಾರೆ. ಅವರು ಪರೀಕ್ಷೆ ಮಾಡಿ, ಹೃದಯದ ರಕ್ತನಾಳ ಕಿರಿದಾಗಿರುವ ಹಾಗಿದೆ ಎಂದರು. ಬಿಪಿಗೆ ಒಂದು, ಕೊಬ್ಬಿಗೆ ಒಂದು, ರಕ್ತ ಹೆಪ್ಪುಗಟ್ಟದಿರಲು ಒಂದು ಎಂದು ಮಾತ್ರೆ ಬರೆದುಕೊಟ್ಟರು. "ಮತ್ತೆ ಬನ್ನಿ. ಬೇಕಾದರೆ ಕೈಯ ರಕ್ತನಾಳದ ಮೂಲಕ ಸಣ್ಣ ನಳಿಗೆ ತೂರಿಸಿ ಒಳಗೆ ನೋಡೋಣ" ಎಂದರು. ದಾರಿಯುದ್ದಕ್ಕೂ ಇವರು ಮಾತ್ರೆಯ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಮನೆಗೆ ಬಂದರೂ ಅದನ್ನು ನನ್ನ ಕೈಗೆ ಕೊಡಲಿಲ್ಲ. ಯಾವುದನ್ನು ಯಾವಾಗ ಎಷ್ಟು ಹಾಕಬೇಕೆನ್ನುವುದು ಅವರ ಖಾತೆಯಂತೆ, ನನ್ನದು ಅಡುಗೆಮನೆ ಖಾತೆಯಂತೆ. ಆಗಲಿ ಮಹಾರಾಯ ಎಂದು ಸುಮ್ಮನಾದೆ.

ಆಮೇಲೆ ಬಂದಳು ಶೈಲಜಾ. ನಮ್ಮ ಬೀದಿಯ ಕೊನೆಯಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ಅವಳ ಮನೆ. ದಾವಣಗೆರೆ ಕಡೆಯವಳು, ನಮ್ಮ ಜನವೇ. ಗಂಡ ಇಂಜಿನಿಯರ್, ಮನೆಯಲ್ಲಿ ವಯಸ್ಸಾದ ಮಾವ. ಒಬ್ಬರು ಇಬ್ಬರಿಗೆ ಮಾರಿ, ಆ ಇಬ್ಬರು ನಾಲ್ವರಿಗೆ ಮಾರುವ ಆರೋಗ್ಯದ ಕಂಪನಿಯೊಂದಕ್ಕೆ ಅವಳು ಸೇರಿದ್ದಳು. ಭಾನುವಾರ ಸಮುದಾಯ ಭವನದಲ್ಲಿ ಸಭೆ, ಬಂದವರಿಗೆ ಬಾದಾಮಿ ಹಾಲು. ನಗುಮುಖದ ಹುಡುಗಿ, "ಬನ್ನಿ ಆಂಟಿ, ಸುಮ್ನೆ ಕೇಳಿಸ್ಕೊಂಡು ಹೋಗಿ" ಎಂದು ಕರೆದಾಗ ನಾವಿಬ್ಬರೂ ಹೋದೆವು. ಬಾದಾಮಿ ಹಾಲು ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಟೈ ಕಟ್ಟಿದವನೊಬ್ಬ ಪರದೆಯ ಮೇಲೆ ರಕ್ತನಾಳದ ಚಿತ್ರ ತೋರಿಸಿದ. ನಾಳದ ಒಳಗೋಡೆಗೆ ಹಳದಿಯ ಗಟ್ಟಿ ಅಂಟಿಕೊಂಡಿತ್ತು. ಕೆಂಪು ಗುಳಿಗೆಯೊಂದು ತೇಲಿ ಬಂದು ಅದನ್ನೆಲ್ಲ ತೊಳೆದು ಮುಂದೆ ಹೋಯಿತು. ನಮ್ಮ ಯಜಮಾನರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು.

"ಸ್ಕೇಲ್ ಕಣೇ ಅದು! ಸ್ಕೇಲ್!"

ಸ್ಕೇಲ್ ಎಂದರೆ ಬಾಗಲಗುಂಟೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳೆ ಕಟ್ಟುತ್ತದಲ್ಲ, ಅದೇ. ಬಾಯ್ಲರಿನ ಕೊಳವೆಗಳಲ್ಲೂ ಅದು ಕಟ್ಟಿಕೊಳ್ಳುತ್ತದೆ. ಔಷಧಿ ಹರಿಸಿ ಕರಗಿಸದಿದ್ದರೆ ಕೊಳವೆ ಸುಟ್ಟು ಒಡೆಯುತ್ತದೆ. ಆ ಕೆಲಸದಲ್ಲಿ ಪೀಣ್ಯಕ್ಕೆಲ್ಲ ಇವರದೇ ಹೆಸರು. ಹಾಗಾಗಿ ಆ ಚಿತ್ರ ನೋಡಿದ ಗಳಿಗೆಯಲ್ಲೇ ಇವರಿಗೆ ತಮ್ಮ ಎದೆಯ ಕಾಯಿಲೆ ಅಂಗೈಯಲ್ಲಿಟ್ಟ ನೆಲ್ಲಿಕಾಯಿಯಾಗಿ ಕಂಡಿತು.

ಗುಳಿಗೆಯ ಡಬ್ಬಿ ಮನೆಗೆ ಬಂತು. ಕನ್ನಡಕ ಹಾಕಿಕೊಂಡು ಓದಿದೆ. ಅಗಸೆ ಎಣ್ಣೆ, ಬೆಳ್ಳುಳ್ಳಿ ಸತ್ವ, ಮತ್ತೇನೋ ಒಂದೆರಡು.

"ಇದಕ್ಕೆ ಒಂದಿಷ್ಟು ಒಣಮೆಣಸಿನಕಾಯಿ ಹಾಕಿದ್ರೆ ನಾನು ಮಾಡೋ ಅಗಸೆ ಚಟ್ನಿಪುಡಿನೇ ಆಯ್ತಲ್ರೀ! ಅದನ್ನ ತಿಂತಾನೇ ಅಲ್ವಾ ಇಷ್ಟು ವರ್ಷ ಕಳೆದದ್ದು?"

"ನಿನಗೆ ಕೆಮಿಕಲ್ ಗೊತ್ತಿಲ್ಲ, ಸುಮ್ನಿರೇ ಚನ್ನೀ."

ಇರಲಿ, ಅಗಸೆ ತಿಂದು ಕೆಟ್ಟವರಿಲ್ಲ ಎಂದುಕೊಂಡೆ. ಕೆಲವು ವಾರಗಳಲ್ಲಿ ಅವರು ಎದೆ ಹಗುರಾಗಿದೆ ಎನ್ನಲು ಶುರು ಮಾಡಿದರು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿದರು. ಶೈಲಜಾಳಿಗೆ ಹಿಗ್ಗೋ ಹಿಗ್ಗು. ಬರುವ ಭಾನುವಾರದ ಸಭೆಯಲ್ಲಿ ಅಂಕಲ್ ವೇದಿಕೆ ಹತ್ತಿ ತಮ್ಮ ಅನುಭವ ಹೇಳಬೇಕೆಂದು ಗೊತ್ತುಮಾಡಿದಳು. ಕಾರ್ಖಾನೆಯ ಹಳಬರೆಲ್ಲ ಬರುವವರಿದ್ದರು. ಇವರು ಕನ್ನಡಿಯ ಮುಂದೆ ನಿಂತು "ಮಾನ್ಯ ಸಭಿಕರೇ" ಎಂದು ಅಭ್ಯಾಸ ಮಾಡುವುದನ್ನು ನೋಡಿ ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟು ನಕ್ಕೆ.

ಆ ನಗು ಗುರುವಾರ ಸಂಜೆ ನಿಂತಿತು. ಮುತ್ತಣ್ಣ ಬಂದ. ಬಾಯ್ಲರಿನಲ್ಲಿ ಇವರ ಕೈಕೆಳಗೆ ದುಡಿದವನು, ರಾಯಚೂರು ಕಡೆಯವನು. ಇವರು ಕೂತ್ಕೋ ಎಂದರೆ ಕೂರುವ, ನಿಂತ್ಕೋ ಎಂದರೆ ನಿಲ್ಲುವ ಮನುಷ್ಯ. ಅವನಿಗೂ ಎದೆಯ ತೊಂದರೆ, ಅವನಿಗೂ ಅಂಥದೇ ಮಾತ್ರೆಗಳು. ಯಜಮಾನರು ಹೂವು ತರಲು ಹೋಗಿದ್ದರು. ಚಹಾದ ಲೋಟ ಹಿಡಿದುಕೊಂಡು ಅವನು ಮೆಲ್ಲಗೆ ಕೇಳಿದ:

"ಅಕ್ಕಾರ, ಅಣ್ಣ ಬಿಟ್ಟಂಗ ನಾನೂ ಮಾತ್ರಿ ಬಿಟ್ಟುಬಿಡ್ಲೇನ್ರಿ? ಕೆಂಪು ಗುಳಿಗಿ ಶುರು ಮಾಡೋಕಿಂತ ಮೊದ್ಲು ಎಲ್ಲಾ ಬಿಡಬೇಕು ಅಂದಾನ ಅಣ್ಣ."

ಇವರು ಮಾತ್ರೆ ಬಿಟ್ಟ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಏನೂ ಆಗದವಳ ಹಾಗೆ, "ಭಾನುವಾರದವರೆಗೆ ನಿನ್ನ ಮಾತ್ರೆ ನೀನು ತಗೋತಾ ಇರು ಮುತ್ತಣ್ಣ, ನನ್ನಾಣೆ" ಎಂದೆ. ಅವನು ಹೋದ ಮೇಲೆ ಯಜಮಾನರ ಮಾತ್ರೆಯ ಡಬ್ಬಿ ತೆಗೆದು ನೋಡಿದೆ. ಈ ತಿಂಗಳ ಮಾತ್ರೆಯ ಹಾಳೆಗಳು ತಂದ ಹಾಗೆಯೇ ಮಿರಮಿರ ಮಿಂಚುತ್ತಿದ್ದವು.

ಯಜಮಾನರು ಬಂದ ಕೂಡಲೇ ಆ ಹಾಳೆಗಳನ್ನು ಮುಂದೆ ಹಿಡಿದೆ. ಸಿಕ್ಕಿಬಿದ್ದೆನೆಂದು ಅವರು ಅಳುಕಲೂ ಇಲ್ಲ. ಅಪರಾಧ ಮಾಡಿದ್ದೇನೆ ಎಂದು ಅನಿಸಿದ್ದರೆ ತಾನೆ ಅಳುಕುವುದು!

"ಒಂದು ಲೈನಿಗೆ ಒಂದೇ ಕೆಮಿಕಲ್ ಕಣೇ. ಸ್ಕೇಲ್ ತೆಗಿಯೋ ಔಷಧಿ ಓಡ್ತಿರೋವಾಗ ಇನ್ನೊಂದು ಹಾಕಿದ್ರೆ ಎರಡೂ ಕೆಡ್ತವೆ, ಟ್ಯೂಬು ತೂತು ಬೀಳ್ತದೆ. ಸರ್ವೀಸ್ ಪೂರ್ತಿ ಹಂಗೇ ಮಾಡೀನಿ, ಒಂದು ಟ್ಯೂಬ್ ಹೋಗಿಲ್ಲ."

"ನೀವೇನು ಟ್ಯೂಬಾ? ಮನುಷ್ಯರಲ್ವೇನ್ರೀ ನೀವು?"

"ಒಳಗಿರೋದು ಟ್ಯೂಬೇ ತಾನೆ?"

ನಾನು ಅತ್ತು ನೋಡಿದೆ, ಬೈದೆ, ಆಣೆ ಹಾಕಿದೆ. ಅವರು ಕಲ್ಲುಬಂಡೆ. ಕೊನೆಗೆ ನನ್ನ ಸಿಟ್ಟೆಲ್ಲ ಆ ನಗುಮುಖದ ಹುಡುಗಿಯ ಮೇಲೆ ತಿರುಗಿತು. ಅವಳ ಜನ್ಮ ಜಾಲಾಡಿಬಿಡುತ್ತೇನೆ ಎಂದು ಸೆರಗು ಸಿಕ್ಕಿಸಿ ಹೊರಟೆ. ಲಿಫ್ಟಿನಲ್ಲಿ ನಿಂತು ಬೈಗುಳಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕೊಟ್ಟೂರಿನ ಬೈಗುಳಗಳು, ದಾವಣಗೆರೆಯವಳಿಗೆ ಒಂದೂ ಅರ್ಥವಾಗದೆ ಹೋಗುವುದಿಲ್ಲ.

ಬಾಗಿಲು ತೆರೆದೇ ಇತ್ತು. ಒಳಗೆ ಅವಳ ಮಾವ ಮಡಿವಾಳಪ್ಪನವರು ಸೋಫಾದ ಮೇಲೆ ಕೂತು ಅಂಗೈ ಚಾಚಿದ್ದರು. ಶೈಲಜಾ ಆ ಅಂಗೈಗೆ ಕೆಂಪು ಗುಳಿಗೆ ಹಾಕಿದಳು, ಅದರ ಪಕ್ಕದಲ್ಲಿ ಎರಡು ಬಿಳಿ ಮಾತ್ರೆಗಳನ್ನೂ ಹಾಕಿದಳು. ನನಗೆ ನನ್ನ ಬೈಗುಳಗಳೆಲ್ಲ ಮರೆತುಹೋದವು.

"ಆ ಬಿಳಿ ಮಾತ್ರೆ ಎಂಥದಮ್ಮಾ?"

"ಮಾವಂಗೆ ಬಿಪಿದು ಆಂಟಿ, ಇನ್ನೊಂದು ಹಾರ್ಟಿಂದು. ಬನ್ನಿ, ಕೂತ್ಕೊಳ್ಳಿ."

"ನಿಮ್ಮ ಮಾವನಿಗೆ ಎರಡೂ ಬೇಕು. ನನ್ನ ಗಂಡನಿಗೆ ಮಾತ್ರ ಒಂದು ಸಾಕು, ಅಲ್ವಾ?"

ಅವಳಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ. ಮಾತ್ರೆಗಳು ತಂದ ಹಾಗೆಯೇ ಇರುವುದನ್ನು, ಮುತ್ತಣ್ಣ ಕೇಳಿದ ಮಾತನ್ನು, ಭಾನುವಾರ ಇವರು ವೇದಿಕೆ ಮೇಲೆ ನಿಂತು ಇದನ್ನೇ ಹತ್ತಾರು ಮುದುಕರಿಗೆ ಬೋಧಿಸಲಿರುವುದನ್ನು. ಹೇಳುತ್ತ ಹೇಳುತ್ತ ನನ್ನ ದನಿ ಏರಿತು.

"ಮಾತ್ರೆ ನಿಲ್ಲಿಸಿ ಅಂತ ನಾನು ಹೇಳಿಲ್ಲ ಆಂಟಿ..." ಎಂದವಳು ಅಷ್ಟಕ್ಕೇ ತಡೆದಳು. "ನಿಲ್ಲಿಸಬೇಡಿ ಅಂತಾನೂ ಹೇಳಿಲ್ಲ. ಮಾತ್ರೆ ಕಡಿಮೆ ಮಾಡ್ಕೋಬಹುದು ಅಂತ ಆ ಸಾರ್ ಸ್ಟೇಜ್ ಮೇಲೆ ಹೇಳ್ತಾರೆ. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಅವಳು ಬಾಗಿಲು ಮುಚ್ಚಬಹುದಿತ್ತು. ನಿಮ್ಮ ಯಜಮಾನರ ತಪ್ಪಿಗೆ ನಾನೇನು ಮಾಡಲಿ ಎನ್ನಬಹುದಿತ್ತು, ಕಂಪನಿಯವರನ್ನು ಕೇಳಿ ಎನ್ನಬಹುದಿತ್ತು. ಬಿಚ್ಚಿದ ಕೂದಲನ್ನು ಹಾಗೇ ಗಂಟು ಕಟ್ಟಿಕೊಂಡು, ಮನೆಯ ಚಪ್ಪಲಿಯಲ್ಲೇ ನನ್ನ ಜೊತೆ ಹೊರಟಳು. ಜಗಳಕ್ಕೆಂದು ಹೋದವಳು ಅವಳ ಕೈ ಹಿಡಿದುಕೊಂಡು ಬೀದಿಯಲ್ಲಿ ನಡೆದು ಬಂದೆ.

ಅವಳನ್ನು ಕಂಡು ಯಜಮಾನರು ಎದ್ದು ನಿಂತು ಬರಮಾಡಿಕೊಂಡರು. ಅವಳು ನಿಂತಲ್ಲೇ, "ಅಂಕಲ್, ದಯವಿಟ್ಟು ಮಾತ್ರೆ ತಗೊಳ್ಳಿ. ಇದು ಮಾತ್ರೆ ಬದಲಿಗೆ ಅಲ್ಲ. ನಮ್ಮ ಮಾವಂಗೆ ನಾನು ಒಂದು ದಿನಾನೂ ನಿಲ್ಲಿಸಿಲ್ಲ" ಎಂದಳು. ಇವರು ನಸುನಕ್ಕು ಅವಳಿಗೂ ಒಂದು ಲೈನು, ಒಂದು ಕೆಮಿಕಲ್ಲಿನ ಪಾಠ ಶುರು ಮಾಡಿದರು. ಪಾಪ, ಆ ಹುಡುಗಿಗೆ ಬಾಯ್ಲರ್ ಎಂದರೆ ಬಚ್ಚಲಿನ ಗೀಸರು. ಏನು ಉತ್ತರ ಕೊಟ್ಟಾಳು? ಆಗ ನನಗೆ, ಇಷ್ಟು ವರ್ಷ ಆ ಸವತಿಯ ಜೊತೆ ಸಂಸಾರ ಮಾಡಿದ್ದಕ್ಕೆ, ಒಂದು ಮಾತು ಹೊಳೆಯಿತು.

"ಏನ್ರೀ, ಸ್ಕೇಲ್ ತೆಗೆದ ಮೇಲೆ ಸರ್ಕಾರದ ಇನ್ಸ್‌ಪೆಕ್ಟರ್ ಬಂದು ನೋಡದೇ ನೀವು ಬೆಂಕಿ ಹಾಕ್ತಿದ್ರಾ?"

"ಛೇ ಛೇ. ಅದೆಂಗಾಗ್ತದೆ? ಕಾನೂನೈತೆ."

"ಓನರ್ರು ಬಂದು, ಆರ್ಡರ್ ಅರ್ಜೆಂಟೈತೆ ಹಾಕಪ್ಪಾ ಅಂದ್ರೆ?"

"ಅವರಪ್ಪ ಹೇಳಿದ್ರೂ ಹಾಕಲ್ಲ. ಸರ್ಟಿಫಿಕೇಟ್ ಕೈಗೆ ಬರೋವರೆಗೂ ಹಾಕಲ್ಲ."

"ಹಂಗಾದ್ರೆ ನಿಮ್ಮದಕ್ಕೆ ಯಾರು ಕೊಟ್ರು ಸರ್ಟಿಫಿಕೇಟು? ಭಾನುವಾರ ಹೆಂಗೆ ಎಲ್ಲರಿಗೂ ಹೇಳ್ತೀರಿ?"

ಅವರು ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ಹುಡುಕಿ ತಂದು, "ನಾಳೆ ಹೋಗಿ ತೋರಿಸೋಣ ನಡಿ" ಎಂದರು. ಮದುವೆಯಾದ ಮೇಲೆ ಬಾಯ್ಲರಿನ ವಿಷಯದಲ್ಲಿ ನಾನು ಗೆದ್ದದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಅವರು ಸಿದ್ಧರಾದ ಚೆಂದ ನೋಡಬೇಕಿತ್ತು. ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ದಿನ ಹೇಗೋ ಹಾಗೆಯೇ. ನುಣ್ಣಗೆ ಗಡ್ಡ ಹೆರೆದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ಶೈಲಜಾ ತನ್ನ ಕಾರಿನಲ್ಲಿ ಕರೆದುಕೊಂಡು ಹೋದಳು. ಡಾಕ್ಟರಮ್ಮನ ಕೋಣೆಯಲ್ಲಿ ಕುರ್ಚಿಯಿದ್ದರೂ ಇವರು ಕೈಕಟ್ಟಿ ನಿಂತೇ ಇದ್ದರು.

ಡಾಕ್ಟರಮ್ಮ ಇಸಿಜಿ ತೆಗೆಸಿದರು, ಬಿಪಿ ನೋಡಿದರು, ಮುಖ ಗಂಭೀರ ಮಾಡಿಕೊಂಡರು. ಒಂದು ಲೈನಿಗೆ ಒಂದು ಕೆಮಿಕಲ್ ಎಂಬುದನ್ನು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. ಆ ಪುಣ್ಯಾತಗಿತ್ತಿ ನಗಲಿಲ್ಲವಲ್ಲ, ಅದಕ್ಕೇ ನಾನು ಅರ್ಧ ಸೋತುಹೋದೆ.

"ಯಜಮಾನ್ರೇ, ಪೈಪಿನ ಒಳಗೆ ಮೇಲ್ಮೇಲೆ ಅಂಟಿದ ಗಟ್ಟಿ ಆಗಿದ್ರೆ ತೊಳೀಬಹುದಿತ್ತು. ಇದು ಹಾಗಲ್ಲ. ಕೊಬ್ಬು ಸೇರಿರೋದು ನಾಳದ ಗೋಡೆಯ ಒಳಗೆ. ಮೇಲೆ ತೆಳ್ಳಗೆ ಪದರ ಇದೆ, ಗಾರೆ ಇದ್ದ ಹಾಗೆ. ಆ ಗಾರೆ ಬಿರುಕು ಬಿಟ್ರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತೆ. ಹಾಗಾಗದೇ ಇರಲಿ ಅಂತಾನೇ ಆ ಮಾತ್ರೆಗಳು. ನಿಮ್ಮ ಗುಳಿಗೆ ಅದನ್ನ ತೊಳೆಯುತ್ತೆ ಅಂತ ನನಗೆ ಗೊತ್ತಿರೋ ಯಾವ ಪರೀಕ್ಷೇಲೂ ತೋರಿಸಿಲ್ಲ. ಅಗಸೆ ಇಷ್ಟ ಇದ್ರೆ ಮನೇಲಿ ಚಟ್ನಿಪುಡಿ ತಿನ್ನಿ, ಉಪ್ಪು ಕಡಿಮೆ ಹಾಕಿಸ್ಕೊಂಡು."

ನಾನು ಯಜಮಾನರ ಕಡೆ ನೋಡಲಿಲ್ಲ. ನೋಡಿದ್ದರೆ ನನ್ನ ಮುಖದಲ್ಲಿ ಏನಿತ್ತೋ ಅವರಿಗೆ ಕಾಣುತ್ತಿತ್ತು.

"ಒಂದು ಮಾತು ನಿಜ ಹೇಳಿ. ಮೆಟ್ಟಿಲು ಹತ್ತುವಾಗ ಈಗ ನೋವು ಬರಲ್ವಾ?" ಎಂದು ಡಾಕ್ಟರಮ್ಮ ಕೇಳಿದರು.

ಇವರು ಕುರ್ಚಿ ಎಳೆದುಕೊಂಡು ಕೂತರು.

"ಬರ್ತದೆ ಮೇಡಂ. ಮೊದಲಿಗಿಂತ ಜಾಸ್ತಿ." ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡರು. "ಸೇಫ್ಟಿ ವಾಲ್ವ್ ಕೂಗ್ತಾನೇ ಇತ್ತು. ನಾನೇ ಅದಕ್ಕೆ ಬಟ್ಟೆ ಕಟ್ಟಿದ್ದೆ."

ಬಾಯ್ಲರಿನಲ್ಲಿ ಪ್ರೆಶರ್ ಮಿತಿ ಮೀರಿದರೆ ತಾನಾಗಿ ಕೂಗಿ ಎಚ್ಚರಿಸುವ ವಾಲ್ವ್ ಅದು. ಅದರ ಬಾಯಿ ಕಟ್ಟುವುದಕ್ಕಿಂತ ದೊಡ್ಡ ಪಾಪ ಆ ಕೆಲಸದಲ್ಲಿ ಇನ್ನೊಂದಿಲ್ಲ. ಅಂಥದ್ದು ಮಾಡಿದ ಹುಡುಗನೊಬ್ಬನನ್ನು ಇವರೇ ಗೇಟಿನ ಹೊರಗೆ ಅಟ್ಟಿದ್ದು ನನಗೆ ಗೊತ್ತು. ಎದೆ ಹಗುರಾಗಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಬರೀ ಸುಳ್ಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರು ಒಬ್ಬರೇ ಆ ನೋವನ್ನು ಮೆಟ್ಟಿಲ ಮೇಲೆ ನುಂಗಿಕೊಂಡು ನಿಂತದ್ದು ಕಣ್ಣಿಗೆ ಕಟ್ಟಿತು.

ಮಾತ್ರೆಗಳನ್ನು ಅಲ್ಲೇ, ಡಾಕ್ಟರಮ್ಮನ ಎದುರಿಗೇ ನುಂಗಿಸಿದೆವು. ಮಂಗಳವಾರ ಆಸ್ಪತ್ರೆಗೆ ಸೇರಿ ಒಳಗೆ ನೋಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಭಾರ ಎತ್ತಬಾರದು, ಮಹಡಿ ಹತ್ತಬಾರದು, ನೋವು ಬಂದರೆ ತಕ್ಷಣ ಬರಬೇಕು ಎಂದು ಹೇಳಿ ಕಳಿಸಿದರು. ಮಹಡಿ ಹತ್ತುವ ಹಾಗಿಲ್ಲವೆಂದು ಶೈಲಜಾ ನಮ್ಮನ್ನು ಲಿಫ್ಟಿದ್ದ ತನ್ನ ಮನೆಗೇ ಕರೆದುಕೊಂಡು ಹೋದಳು. ಮಂಗಳವಾರದವರೆಗೆ ಮಡಿವಾಳಪ್ಪನವರ ಕೋಣೆಯಲ್ಲಿ ಇನ್ನೊಂದು ಮಂಚ ಬಿತ್ತು. ಬೈಯಲು ಹೋಗಿದ್ದ ಮನೆಯ ಅನ್ನ ತಿಂದೆ. ಅವಳ ಸಾರಿಗೆ ಹುಳಿ ಜಾಸ್ತಿ, ಆದರೂ ಅಷ್ಟು ರುಚಿಯ ಊಟ ನಾನು ಉಂಡಿಲ್ಲ.

"ಭಾನುವಾರದ್ದು ಕ್ಯಾನ್ಸಲ್ ಮಾಡ್ತೀನಿ ಅಂಕಲ್" ಎಂದಳು.

"ಬೇಡವ್ವ. ಮುತ್ತಣ್ಣ ಬರ್ತಾನೆ. ನಾನು ಮಾತಾಡಬೇಕು."

ಸಮುದಾಯ ಭವನ ತುಂಬಿತ್ತು. ಲೇತ್ ಹಿಡಿದವರು, ಪ್ರೆಸ್ ಓಡಿಸಿದವರು, ಬಣ್ಣದ ತೊಟ್ಟಿಯಲ್ಲಿ ಕೈ ಅದ್ದಿದವರು, ಎಲ್ಲರ ತಲೆಯೂ ನೆರೆತಿತ್ತು. ಟೈ ಕಟ್ಟಿದವನಿಗೆ ಶೈಲಜಾ ಮೊದಲೇ ಎಲ್ಲ ಹೇಳಿದ್ದಳು. ಅವನು ಇವರನ್ನು ಮಾತಾಡಿಸುವುದು ಬೇಡವೆಂದು ಕಣ್ಣು ಕೆಂಪಗೆ ಮಾಡಿದ. "ಹಾಗಾದ್ರೆ ಇವತ್ತೇ ನನ್ನ ಕೊನೆ ಮೀಟಿಂಗ್ ಸಾರ್" ಎಂದು ಅವಳೇ ಮೈಕು ತಂದು ಇವರ ಕೈಗೆ ಕೊಟ್ಟಳು. ನಾಲ್ಕು ಜನರ ಎದುರು ಅಷ್ಟು ಗಟ್ಟಿಯಾಗಿ ಮಾತಾಡುವ ಹುಡುಗಿ ಅವಳೆಂದು ನಾನು ತಿಳಿದಿರಲಿಲ್ಲ. ಅವಳಿಗೂ ತಿಳಿದಿರಲಿಲ್ಲವೇನೋ.

ಮಾನ್ಯ ಸಭಿಕರೇ ಎನ್ನುವುದು ಇವರಿಗೆ ಮರೆತೇಹೋಯಿತು.

"ನನ್ನ ಎದೆ ಹಗುರಾಗೈತೆ ಅಂತ ನಿಮ್ಮಲ್ಲಿ ಎಷ್ಟೋ ಜನಕ್ಕೆ ಹೇಳೀನಿ. ಅದು ಸುಳ್ಳು. ಡಾಕ್ಟ್ರು ಒಳಗೆ ನಳಿಗೆ ಬಿಟ್ಟು ನೋಡ್ತೀನಿ ಅಂದ್ರು. ನನಗೆ ಹೆದರಿಕೆ ಆಯ್ತು. ಬೆಂಕಿ ಮುಂದೆ ನಿಂತು ಜೀವನ ಕಳೆದೋನು, ಯಾರ ಹತ್ರ ಹೇಳ್ಕೊಳ್ಳಲಿ? ಹೆಂಡ್ತಿ ಹತ್ರಾನೂ ಹೇಳಲಿಲ್ಲ. ಗುಳಿಗೆ ನುಂಗೋದು ಸುಲಭ ಇತ್ತು, ನುಂಗಿದೆ. ಮಾತ್ರೆ ಬಿಟ್ಟೆ. ಸ್ಕೇಲು, ಲೈನು ಅಂತ ಹೇಳಿದ್ದೆಲ್ಲ ಆ ಹೆದರಿಕೆ ಮುಚ್ಚೋಕೆ. ನೀವ್ಯಾರೂ ಬಿಡಬೇಡ್ರಪ್ಪಾ. ಮಂಗಳವಾರ ನಾನು ತೋರಿಸ್ಕೊಳ್ಳೋಕೆ ಹೋಗ್ತಿದೀನಿ. ಈಗಲೂ ಹೆದರಿಕೆನೇ ಐತೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಮುತ್ತಣ್ಣ ಎದ್ದು ನಿಂತ.

"ಅಣ್ಣಾ, ನನಗೂ ಹೆದರಿಕಿನೇ ಐತಿ. ಆ ಬೆಂಕಿ ಮುಂದ ನಾ ನಿಂತೀನಿ ಅಂದ್ರ ನಿನ್ನ ನೋಡಿ ನಿಂತೀನಿ. ಮಂಗಳವಾರ ನಾನೂ ಬರ್ತೀನಿ, ನಂದೂ ತೋರಿಸೋಣು."

ಅವನ ಪಕ್ಕದವನು, "ನನಗೇನು ಹೆದರಿಕೆ ಇಲ್ಲ ಅಂದ್ಕೊಂಡ್ಯಾ ಗುರು?" ಎಂದ. ಆಗ ಎಲ್ಲರೂ ನಕ್ಕರು. ನನ್ನ ಪಕ್ಕ ನಿಂತಿದ್ದ ಶೈಲಜಾ ಕಣ್ಣೊರೆಸಿಕೊಂಡು, "ನಾನೇ ಅವರನ್ನ ಸ್ಟೇಜ್ ಹತ್ತಿಸ್ದೋಳು ಆಂಟಿ, ನನ್ನ ಕ್ಷಮಿಸ್ತೀರಾ?" ಎಂದಳು. ಮಗಳಿಗೆ ಮಾಡುವ ಹಾಗೆ ಅವಳ ಕೆನ್ನೆ ಸವರಿ ನೆಟಿಕೆ ಮುರಿದೆ. ನನ್ನ ಮಾಂಗಲ್ಯ ಉಳಿದದ್ದು ಯಾರ ದೆಸೆಯಿಂದ ಎಂದು ಯಾರಾದರೂ ಕೇಳಿದರೆ, ದೇವರ ಹೆಸರಿನ ಜೊತೆಗೇ ಇವತ್ತಿಗೂ ಆ ಹುಡುಗಿಯ ಹೆಸರು ಹೇಳುತ್ತೇನೆ.

ಮಂಗಳವಾರ ನಾಳವೊಂದು ಮುಚ್ಚುವ ಹಂತದಲ್ಲಿರುವುದು ಕಂಡುಬಂತು. ಇವತ್ತೇ ಸ್ಟೆಂಟ್ ಹಾಕಿಬಿಡುತ್ತೇವೆ ಎಂದರು. ಇನ್ನು ಕೆಲವು ವಾರ ಹೀಗೇ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಡಾಕ್ಟರಮ್ಮ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮತ್ತೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ಯಜಮಾನರು ನನ್ನ ಕೈ ಹಿಡಿದುಕೊಂಡರು. ಪ್ರೆಶರಿಲ್ಲ, ಸ್ಟೀಮಿಲ್ಲ, ಬಾಯ್ಲರಿನ ಒಂದು ಮಾತಿಲ್ಲ.

"ಚನ್ನೀ, ಎಲ್ಲೂ ಹೋಗಬೇಡ. ಇಲ್ಲೇ ಇರೇ."

"ಎಲ್ಲಿಗೆ ಹೋಗ್ತೀನ್ರೀ ನಾನು? ಇಲ್ಲೇ ಇರ್ತೀನಿ."

ಅವರು ಹೊರಗೆ ಬಂದಾಗ ನಾನು ಅಲ್ಲೇ ಇದ್ದೆ.